ಹಸಿ ಸೊಪ್ಪಿನ ಅಂಟು

ಹೆಣ್ಣುಮಕ್ಕಳ ತಂಡ ಪಂದ್ಯಕ್ಕೆ ಹೊರಟರೆ ಜೊತೆಗೆ ಒಬ್ಬ ಶಿಕ್ಷಕಿ ಹೋಗಲೇಬೇಕು. ನಮ್ಮ ಪ್ರೌಢಶಾಲೆಯಲ್ಲಿ ಆಗ ಶಿಕ್ಷಕಿ ಎಂದರೆ ನಾನೊಬ್ಬಳೇ. ಹಾಗಾಗಿ ಆಟದ ಗಂಧಗಾಳಿ ಇಲ್ಲದ, ಕನ್ನಡ ಪಾಠ ಹೇಳುವ ನಾನು ಆ ವರ್ಷ ಖೋ ಖೋ ತಂಡದ ಜೊತೆ ಮೊದಲು ಅರಕಲಗೂಡಿಗೆ, ಆಮೇಲೆ ಹಾಸನಕ್ಕೆ ಹೋದೆ. ಹಾಸನದ ಮೈದಾನದಲ್ಲಿ ಆ ಬೆಳಿಗ್ಗೆ ನಡೆದದ್ದನ್ನು ನೋಡಿದವರು ಬಹಳ ಜನ. ಅದು ಏನೆಂದು ಖಚಿತವಾಗಿ ತಿಳಿದಿದ್ದವರು ನಮ್ಮ ಶಾಲೆಯಿಂದ ಹೋದವರು ಮಾತ್ರ. ಅವರಲ್ಲಿ ನಾನೂ ಒಬ್ಬಳು. ಇದು ನಮ್ಮ ತಂಡದ ಒಬ್ಬ ಹುಡುಗಿಯ ವಿಷಯ; ಅವಳು ಈಗ ಹುಡುಗಿಯಲ್ಲ, ದೊಡ್ಡ ಹೆಂಗಸು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರ್ಕಳಿ ಮಿಸ್, ಎಸ್ರು ಮಾತ್ರ ಬ್ಯಾಡ. ಊರೆಸ್ರೂ ಬ್ಯಾಡ" ಅಂದಳು.

ನನ್ನ ಹುಟ್ಟೂರು ಚನ್ನರಾಯಪಟ್ಟಣದ ಕಡೆ, ನುಗ್ಗೇಹಳ್ಳಿಗೆ ಹತ್ತಿರ. ತೆಂಗು, ರಾಗಿ, ಹುರುಳಿ ನೋಡಿಕೊಂಡು ಬೆಳೆದವಳು. ಕೆಲಸ ಸಿಕ್ಕಿದ್ದು ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಮನೆ ಮಾಡಿದ್ದು ಹೊಳೆನರಸೀಪುರದಲ್ಲಿ. ದಿನವೂ ಬಸ್ಸು. ಅಲ್ಲಿಗೆ ಬರುವವರೆಗೆ ಹೊಗೆಸೊಪ್ಪು ಎಂದರೆ ನನಗೆ ಮುದುಕಿಯರ ಎಲೆಅಡಿಕೆ ಚೀಲದೊಳಗಿನ ಒಣ ಚೂರು, ಅಷ್ಟೇ. ಅದು ಆಳೆತ್ತರ ಬೆಳೆಯುತ್ತದೆ, ಮೊರದಗಲದ ಎಲೆ ಬಿಡುತ್ತದೆ, ಹಸಿ ಎಲೆಯನ್ನು ಮುಟ್ಟಿದರೆ ಕೈಗೆ ಹಲಸಿನ ಮೇಣದಂತೆ ಅಂಟಿಕೊಳ್ಳುತ್ತದೆ ಎಂಬುದನ್ನೆಲ್ಲ ನನಗೆ ಕಲಿಸಿದವರು ಮಕ್ಕಳು.

ನಾನು ಸೇರಿದ ಮೊದಲ ಮಳೆಗಾಲದಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಕಾಪಿ ಬರೆದು ತಂದು ಕೊಟ್ಟಳು. ಹಾಳೆಯ ಅಂಚಿಗೆಲ್ಲ ಕಪ್ಪು ಬೆರಳಚ್ಚು.

"ಇದೇನಮ್ಮ, ರಸ್ತೆಗೆ ಟಾರು ಹಾಕೋಕೆ ಹೋಗಿದ್ಯಾ?" ಅಂದೆ.

ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು. "ಟಾರಲ್ಲ ಮಿಸ್, ಸೊಪ್ಪಿನ್ ಅಂಟು. ಸೋಪಾಕುದ್ರೆ ಸೋಪೇ ಕಪ್ಪಗಾಯ್ತದೆ, ಕೈ ಅಂಗೇ ಇರ್ತದೆ."

"ನಿಂಬೆಹಣ್ಣು ತಿಕ್ಬೇಕು ಮಿಸ್" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

"ನಿಮ್ಮಪ್ಪ ನಿಂಬೆತ್ವಾಟ ಮಡ್ಗವ್ನೆ, ನೀ ತಿಕ್ಕೊ ಓಗ್ಲಾ" ಅಂದಳು ಅವಳು, ತಿರುಗಿ ನೋಡದೆ.

ಆ ಹುಡುಗಿಯ ವಿಷಯವೇ ಇದು.

ಹೊಗೆಸೊಪ್ಪು ಕಾಯುವ ಬೆಳೆಯಲ್ಲ. ಮುರಿದ ಎಲೆಯನ್ನು ಆ ದಿನವೇ, ತಡವಾದರೆ ಮಾರನೆಯ ಬೆಳಿಗ್ಗೆಯೊಳಗೆ, ಉದ್ದುದ್ದ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಎಂದರೆ ಸೊಪ್ಪು ಹದ ಮಾಡುವ, ಕಿಟಕಿಯಿಲ್ಲದ ಎತ್ತರದ ಮನೆ. ಆಮೇಲೆ ಹಗಲೂ ರಾತ್ರಿ ಉರಿ ಕಾಯಬೇಕು. ಗುಡ್ಡೆ ಹಾಕಿ ಬಿಟ್ಟರೆ ಎಲೆ ಒಳಗೊಳಗೇ ಬಿಸಿಯಾಗಿ ಕೊಳೆಯುತ್ತದೆ. ಆ ತಿಂಗಳುಗಳಲ್ಲಿ ಮನೆಯಲ್ಲಿ ಕೈಯಿದ್ದವರೆಲ್ಲ ಕಡ್ಡಿ ಕಟ್ಟುತ್ತಾರೆ. ಮಕ್ಕಳು ಶಾಲೆಗೆ ಮುಂಚೆ ಕಟ್ಟುತ್ತಾರೆ, ಬಂದ ಮೇಲೆ ಕಟ್ಟುತ್ತಾರೆ. ಎಲೆ ಇಬ್ಬನಿಗೋ ಮಳೆಗೋ ನೆನೆದಿದ್ದರೆ ಅದರ ರಸ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಶಾಲೆಯಲ್ಲಿ ಯಾವುದಾದರೂ ಮಗು ಬೆಂಚಿನ ಮೇಲೆ ತಲೆಯಿಟ್ಟು ಮಲಗಿದರೆ ಪಕ್ಕದವರು "ಸೊಪ್ಪು ತಲೆಗತ್ತೈತೆ ಮಿಸ್" ಎಂದು ಹೇಳಿ ಸುಮ್ಮನಾಗುತ್ತಿದ್ದರು.

ಇದನ್ನು ನಮಗೆ ಹೇಳುತ್ತಿದ್ದರು. ಹೊರಗಿನವರಿಗೆ ಹೇಳುತ್ತಿರಲಿಲ್ಲ. ಮಕ್ಕಳನ್ನು ಬ್ಯಾರನ್ ಕೆಲಸಕ್ಕೆ ಹಚ್ಚಬಾರದೆಂದು ಊರಿಗೆ ಬರುವ ಅಧಿಕಾರಿಗಳೆಲ್ಲ ಹೇಳಿ ಹೋಗುತ್ತಿದ್ದರು. ಹಚ್ಚಿದ್ದು ತಿಳಿದರೆ ಬ್ಯಾರನ್ನಿನ ಲೈಸೆನ್ಸೇ ಹೋಗುತ್ತದೆ ಎಂದು ಊರು ನಂಬಿತ್ತು. ನಿಜವಾಗಿ ಎಷ್ಟು ಮನೆಯ ಲೈಸೆನ್ಸು ಹಾಗೆ ಹೋಗಿದೆಯೋ ನನಗೆ ತಿಳಿಯದು. ಆದರೆ ಮಾತು ಕಲಿಯುವ ವಯಸ್ಸಿನಲ್ಲೇ ಆ ಊರಿನ ಮಕ್ಕಳು ಒಂದು ಪಾಠ ಕಲಿಯುತ್ತಿದ್ದರು. ಪ್ಯಾಂಟು ಹಾಕಿದವರು ಯಾರಾದರೂ ಬಂದು "ನೀನೂ ಸೊಪ್ಪು ಕಟ್ತೀಯೇನಪ್ಪ?" ಎಂದು ಪ್ರೀತಿಯಿಂದ ಕೇಳಿದರೆ, ಇಲ್ಲ ಅನ್ನಬೇಕು.

ನಮ್ಮ ಪಿ.ಟಿ. ಮೇಷ್ಟ್ರು ಅದೇ ಸೀಮೆಯವರು. ಅವರ ಅಣ್ಣನಿಗೂ ಒಂದು ಬ್ಯಾರನ್ ಇತ್ತು. ಕಡಿಮೆ ಮಾತಿನ ಮನುಷ್ಯ. ಸೀಟಿಯನ್ನು ಊದುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿ ಹಿಡಿದಿರುತ್ತಿದ್ದರು. ಹಿಂದೊಮ್ಮೆ ನಮ್ಮ ಶಾಲೆಯ ಕಬಡ್ಡಿ ಹುಡುಗರು ಗುಟ್ಕಾ ಜಗಿದುಕೊಂಡು ಪಂದ್ಯಕ್ಕಿಳಿದು, ಎದುರು ತಂಡದವನ ಮೇಲೆ ಉಗಿದು, ಹೊಡೆದಾಟವಾಗಿ, ಶಾಲೆಯನ್ನೇ ಆ ವರ್ಷ ಪಂದ್ಯದಿಂದ ಹೊರಗಿಟ್ಟಿದ್ದರಂತೆ. ಅದರ ಅವಮಾನ ಅವರ ಮೈಯಲ್ಲಿ ಉಳಿದಿತ್ತು. ಅಂದಿನಿಂದ ಅವರು ಮೂರು ನಿಯಮ ಮಾಡಿದ್ದರು. ತಂಡದಲ್ಲಿ ಇರಬೇಕಾದರೆ ಹಾಜರಿ ಮುಕ್ಕಾಲು ಪಾಲಿಗಿಂತ ಕಡಿಮೆಯಾಗಬಾರದು. ತಿಂಗಳ ಪರೀಕ್ಷೆಯಲ್ಲಿ ಯಾವ ವಿಷಯದಲ್ಲೂ ಫೇಲಾಗಬಾರದು. ಮೂರನೆಯದು ನಡತೆ: ಬೈಯಬಾರದು, ಕೈ ಮಾಡಬಾರದು, ಬೀಡಿ, ಗುಟ್ಕಾ, ಹೊಗೆಸೊಪ್ಪು ಬಾಯಿಗೆ ಹಾಕಬಾರದು. ಮೂರರಲ್ಲಿ ಒಂದು ತಪ್ಪಿದರೂ ಆ ವರ್ಷಕ್ಕೆ ಆಟವಿಲ್ಲ. ನಡತೆ ತಪ್ಪಿದರೆ ಮನೆಯವರು ಬಂದು ಬೆಳಗಿನ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಬುದ್ಧಿ ಹೇಳಬೇಕು.

ಈ ನಿಯಮಗಳನ್ನು ಅವರು ಎಲ್ಲೂ ಅಂಟಿಸಿರಲಿಲ್ಲ. ಪ್ರತಿ ವರ್ಷ ಶಾಲೆ ಶುರುವಾದ ಮೇಲೆ ಒಂದು ಸಂಜೆ ಮಕ್ಕಳನ್ನೂ ಮನೆಯವರನ್ನೂ ಮೈದಾನಕ್ಕೆ ಕರೆಸಿ, ಬಾಯಲ್ಲೇ ಹೇಳಿ, ತಮ್ಮ ಬಲಗೈಯನ್ನು ಅಂಗೈ ಮೇಲಾಗಿ ಚಾಚುತ್ತಿದ್ದರು. ಒಬ್ಬೊಬ್ಬರೇ ಬಂದು ಆ ಅಂಗೈಯ ಮೇಲೆ ಕೈಯಿಟ್ಟು ಭಾಷೆ ಕೊಡಬೇಕು. ಮೊದಲು ಮಗು, ಅದರ ಕೈಯ ಮೇಲೆ ಮನೆಯವರು.

ಆ ವರ್ಷ ಹುಡುಗಿ ಹತ್ತನೇ ತರಗತಿ. ಅವಳ ಜೊತೆ ಅಪ್ಪ ಬಂದಿದ್ದ, ಅಜ್ಜಿಯೂ ಬಂದಿದ್ದಳು. ಮೂವರ ಕೈಯೂ ಒಂದರ ಮೇಲೊಂದು. ಅಜ್ಜಿಯ ದವಡೆಯಲ್ಲಿ ಆಗಲೂ ಹೊಗೆಸೊಪ್ಪಿತ್ತು.

"ಅಜ್ಜಿ, ಬಾಯಿಗೆ ಆಕ್ಬಾರ್ದು ಅಂತ ಈಗ ತಾನೆ ಯೋಳಿದ್ನಲ್ಲ" ಅಂದರು ಮೇಷ್ಟ್ರು.

"ನಾನೇನು ಕೊಕ್ಕೋ ಆಡಕ್ ಬಂದಿದ್ದೀನಾ? ನಿನ್ ಟೀಮಿಗ್ ಸೇರುಸ್ಕೊ, ಅವತ್ತೇ ಬುಡ್ತೀನಿ" ಅಂದಳು ಅಜ್ಜಿ.

ಎಲ್ಲರೂ ನಕ್ಕರು. ಆ ನಗು ನನಗೆ ಚೆನ್ನಾಗಿ ನೆನಪಿದೆ.

ಅಂದು ಮೇಷ್ಟ್ರು ಅವಳ ಅಪ್ಪನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. ಜಿಲ್ಲಾ ಪಂದ್ಯಕ್ಕೆ ಕ್ರೀಡಾ ಹಾಸ್ಟೆಲಿನ ಕೋಚ್ ಬರುತ್ತಾರೆ, ಚೆನ್ನಾಗಿ ಆಡುವ ಹೆಣ್ಣುಮಕ್ಕಳನ್ನು ಆರಿಸಿಕೊಳ್ಳುತ್ತಾರೆ, ಆಯ್ಕೆಯಾದರೆ ಊಟ ವಸತಿಯ ಜೊತೆ ಪಿಯುಸಿ ಓದಬಹುದು. ಅದಕ್ಕೆ ಅಪ್ಪ ಅಂದ: "ಆಸ್ಟ್ಲು ಸಿಕ್ಕುದ್ರೆ ಓಗ್ಲಿ ಸಾ, ನಾ ಅಡ್ಡ ಬರಕಿಲ್ಲ. ಸಿಕ್ನಿಲ್ಲ ಅಂದ್ರೆ ದಿನಾ ಬಸ್ನಾಗೆ ಓಗ್ಬುಟ್ ಬರದೆಲ್ಲ ಆಗಕಿಲ್ಲ. ಮನೇಲಿ ಕೈ ಬೇಕು." ಒರಟಾಗಿ ಹೇಳಲಿಲ್ಲ, ಲೆಕ್ಕ ಹಾಕಿ ಹೇಳಿದ. ಹುಡುಗಿ ಅಲ್ಲೇ ನಿಂತು ಕೇಳಿಸಿಕೊಂಡಳು.

ಆಮೇಲೆ ಅವಳು ಆ ಮೂರು ನಿಯಮಗಳನ್ನು ಹೇಗೆ ಹಿಡಿದುಕೊಂಡಳೆಂದರೆ, ನಾನು ಹೇಳಿದ ಯಾವ ಪಾಠವನ್ನೂ ಯಾವ ಮಗುವೂ ಹಾಗೆ ಹಿಡಿದುಕೊಂಡಿದ್ದಿಲ್ಲ. ಸೊಪ್ಪಿನ ಕಾಲ ಬಂತು. ಮಿಕ್ಕ ಮಕ್ಕಳು ದಿನ ಬಿಟ್ಟು ದಿನ ಬರತೊಡಗಿದರು. ಇವಳು ಪ್ರಾರ್ಥನೆಯ ಗಂಟೆ ಹೊಡೆಯುವಾಗ ನಾಲೆ ಏರಿಯ ಮೇಲೆ ಓಡುತ್ತ ಬರುತ್ತಿದ್ದಳು, ಜಡೆ ಅರ್ಧ ಹೆಣೆದು. "ತಾಲೀಮಾಯ್ತು ಬುಡಿ ಮಿಸ್" ಅನ್ನುತ್ತಿದ್ದಳು ಏದುಸಿರಿನಲ್ಲಿ.

ಕಷ್ಟವಿದ್ದದ್ದು ಗಣಿತದಲ್ಲಿ. ಗಣಿತದ ಮೇಷ್ಟ್ರು ಅವಳ ಉತ್ತರಪತ್ರಿಕೆ ಎತ್ತಿ ಹಿಡಿದು, "ಕಂಬ ಸುತ್ತೋಕೆ ಬರುತ್ತೆ, ವೃತ್ತದ ಪರಿಧಿ ಕಂಡುಹಿಡಿಯೋಕೆ ಬರಲ್ಲ, ನೋಡ್ರಪ್ಪ" ಅಂದಿದ್ದರು.

"ಸುತ್ತುದ್ರೆ ಗೊತ್ತಾಯ್ತದೆ ಸಾ, ಬರೆಯಕ್ ಕೂತ್ರೆ ಗೊತ್ತಾಗಕಿಲ್ಲ."

ಅವರಿಗೂ ನಗು ತಡೆಯಲಾಗಲಿಲ್ಲ. ಬಿಸಿಯೂಟ ಮುಗಿದ ಮೇಲೆ ಅವರೇ ಅವಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ಒಂದು ತಿಂಗಳು ಅವಳು ಫೇಲಾಗಿದ್ದರೆ ಪಿ.ಟಿ. ಮೇಷ್ಟ್ರು ಖಂಡಿತ ಹೊರಗೆ ಕೂರಿಸುತ್ತಿದ್ದರು. ಹಿಂದಿನ ವರ್ಷ ತಮ್ಮ ಸ್ವಂತ ಅಣ್ಣನ ಮಗನನ್ನೇ ಕೂರಿಸಿದ್ದರು. ಅವಳು ಪಾಸಾದಳು. ಪ್ರತಿ ಸಲ ಅಂಚಿನಲ್ಲಿ, ಆದರೆ ಪಾಸು.

ಅರಕಲಗೂಡಿನಲ್ಲಿ ತಾಲ್ಲೂಕು ಪಂದ್ಯ ಗೆದ್ದೆವು. ಅಂದು ಮೊದಲ ಬಾರಿಗೆ ನಾನು ಅವಳ ಆಟವನ್ನು ಪೂರ್ತಿ ನೋಡಿದೆ. ಬೆನ್ನಟ್ಟುವವಳು ಇನ್ನೇನು ಮುಟ್ಟಿದಳು ಅನ್ನುವಾಗ ಇವಳು ಕಂಬವನ್ನು ಒಂದೇ ಕೈಯಲ್ಲಿ ಹಿಡಿದು ತಿರುಗಿಬಿಡುತ್ತಿದ್ದಳು. ಮುಟ್ಟಲು ಬಂದ ಕೈಗೆ ಗಾಳಿ ಸಿಗುತ್ತಿತ್ತು. ಪಕ್ಕದಲ್ಲಿದ್ದ ಬೇರೆ ಶಾಲೆಯ ಹುಡುಗಿಯೊಬ್ಬಳು "ಅಯ್ಯೋ, ಇವ್ಳು ಮೀನು ಕಣೇ" ಅಂದದ್ದು ಕೇಳಿಸಿತು.

ಹಾಸನದ ಪಂದ್ಯಕ್ಕೆ ಮುಂಚೆ ಪಿ.ಟಿ. ಮೇಷ್ಟ್ರು ಮಕ್ಕಳಿಗೆಲ್ಲ ಒಂದು ಮಾತು ಹೇಳಿದ್ದರು. ಪಂದ್ಯದ ದಿನ ಯಾರೂ ಸೊಪ್ಪು ಮುಟ್ಟಬೇಡಿ, ಹಿಂದಿನ ಸಂಜೆಯೂ ಬೇಡ. ಅದು ಮೂರು ನಿಯಮದೊಳಗೆ ಸೇರಿದ್ದಲ್ಲ. ಕೇಳಿಕೊಂಡದ್ದು.

ಆ ಬೆಳಿಗ್ಗೆ ಅವಳ ಮನೆಯಲ್ಲಿ ಏನಾಯಿತೆಂಬುದನ್ನು ನಾನು ನೋಡಿಲ್ಲ, ಅವಳು ಆಮೇಲೆ ಹೇಳಿದ್ದು. ಹಿಂದಿನ ದಿನ ಮುರಿದ ಸೊಪ್ಪು ಅಂಗಳದಲ್ಲಿ ರಾಶಿ ಬಿದ್ದಿತ್ತು. ಕಟ್ಟಲು ಬರಬೇಕಾಗಿದ್ದ ಹೆಂಗಸರು ಶುಂಠಿ ಹೊಲದ ಕೂಲಿಗೆ ಹೋಗಿಬಿಟ್ಟಿದ್ದರು. ಅವ್ವನಿಗೆ ಚಳಿಜ್ವರ. ಬೆಳಗಿನ ಜಾವ ಜಿನುಗು ಮಳೆ ಹಿಡಿದು ರಾಶಿ ನೆನೆಯಿತು. ಅಪ್ಪನೂ ಅಜ್ಜಿಯೂ ಕಟ್ಟುತ್ತ ಕೂತಿದ್ದರು, ಅವಳನ್ನು ಕರೆಯಲಿಲ್ಲ. "ಅಜ್ಜಿ ಕೈ ನಡುಗ್ತಿತ್ತು ಮಿಸ್, ಒಂದು ಕಡ್ಡಿಗೆ ನಾಕು ಸತಿ ದಾರ ತಪ್ಪುಸ್ತು. ನೋಡ್ಕಂಡು ಎಂಗೆ ಜಡೆ ಎಣ್ಕಳದು?" ಅಂದಳು. ಎದ್ದು ಹೋಗಿ ಕೂತಳು. ಬಸ್ಸಿನ ಹೊತ್ತಾಗುವವರೆಗೆ ಬರಿಗೈಯಲ್ಲಿ ನೆನೆದ ಸೊಪ್ಪು ಕಟ್ಟಿದಳು.

ಬಸ್ಸಿನಲ್ಲಿ ಅವಳು ನನ್ನ ಪಕ್ಕದ ಸೀಟಿನಲ್ಲಿದ್ದಳು. ಹಸಿ ಸೊಪ್ಪಿನ ಕಟು ವಾಸನೆ ಬರುತ್ತಿತ್ತು. ಆದರೆ ಆ ಕಾಲದಲ್ಲಿ ಆ ವಾಸನೆ ಬಸ್ಸಿನಲ್ಲೂ ಇರುತ್ತದೆ, ಶಾಲೆಯಲ್ಲೂ ಇರುತ್ತದೆ. ಹಾಸನ ಹತ್ತಿರವಾದಾಗ ಅವಳು ಕಿಟಕಿಗೆ ಹಣೆಯಿಟ್ಟುಕೊಂಡಳು. "ಏನಮ್ಮ?" ಅಂದೆ. "ಏನಿಲ್ಲ ಮಿಸ್, ನಿದ್ದೆ" ಅಂದಳು.

ಮೈದಾನದಲ್ಲಿ ಮೊದಲು ಎಲ್ಲ ತಂಡಗಳನ್ನೂ ಸಾಲಾಗಿ ನಿಲ್ಲಿಸಿ ಮೈಕಿನಲ್ಲಿ ಶಿಸ್ತಿನ ನಿಯಮಗಳನ್ನು ಓದಿದರು. ತೀರ್ಪುಗಾರರ ಜೊತೆ ವಾದ ಬೇಡ, ಅಮಲು ಪದಾರ್ಥ ಸೇವಿಸಿದವರು ಕಂಡುಬಂದರೆ ಆಟದಿಂದ ಹೊರಗೆ, ಹೀಗೆ. ನಮ್ಮ ಮಕ್ಕಳು ನಮ್ಮ ಶಾಲೆಯ ಮೂರನ್ನು ಕೇಳಿ ಕೇಳಿ ಅಭ್ಯಾಸವಾಗಿದ್ದವರು, ಆಕಳಿಸುತ್ತ ನಿಂತಿದ್ದರು.

ಮೊದಲ ಸರದಿಯಲ್ಲಿ ಓಟ ನಮ್ಮದು. ಮೊದಲ ಮೂವರಲ್ಲಿ ಅವಳು. ಅಂದು ಅವಳು ಅರಕಲಗೂಡಿನಲ್ಲಿ ಆಡಿದ್ದಕ್ಕಿಂತ ಚೆನ್ನಾಗಿ ಆಡಿದಳು. ಜೊತೆಯ ಇಬ್ಬರೂ ಬೇಗ ಔಟಾದರು, ಇವಳು ಕಂಬದ ಬಳಿ ಉಳಿದೇ ಉಳಿದಳು. ಟ್ರ್ಯಾಕ್ ಸೂಟಿನ ಹೆಂಗಸೊಬ್ಬರು ಎದ್ದು ಗೆರೆಯ ಹತ್ತಿರ ಬಂದು ನಿಂತು, ನಮ್ಮ ಮೇಷ್ಟ್ರನ್ನು "ಯಾರ್ರೀ ಈ ಹುಡುಗಿ? ಎಷ್ಟನೇ ಕ್ಲಾಸು?" ಎಂದು ಕೇಳಿದರು. ಹಾಸ್ಟೆಲಿನ ಕೋಚ್ ಅವರೇ. ಮೇಷ್ಟ್ರು ಸೀಟಿಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡೇ ಉತ್ತರ ಹೇಳಿದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಮತ್ತೆ ನೋಡಲಿಲ್ಲ.

ಔಟಾಗಿ ಹೊರಗೆ ಬಂದವಳು ನನ್ನ ಕಡೆಗೆ ನಡೆದು ಬರುತ್ತಿದ್ದಳು. ನಡೆ ಸೊಟ್ಟಗಿತ್ತು. ಗೆರೆ ದಾಟಿದ ಕೂಡಲೇ ಕುಕ್ಕರಿಸಿ ವಾಂತಿ ಮಾಡಿಕೊಂಡಳು. ನಾನು ಓಡಿಹೋಗಿ ಹಿಡಿದುಕೊಂಡೆ. ಮೈಯೆಲ್ಲ ತಣ್ಣನೆ ಬೆವರು. ಬೆರಳುಗಳ ಸಂದಿ ಕಪ್ಪಗಿತ್ತು. ನನಗೆ ಆಗ ತಿಳಿಯಿತು.

ಎದುರು ತಂಡದ ಮೇಷ್ಟ್ರು ಮೂಗು ಅರಳಿಸಿ, "ಇದೇನ್ರೀ, ಹೊಗೆಸೊಪ್ಪಿನ ನಾತ? ಜಗಿದುಕೊಂಡು ಬಂದು ಆಡಿಸ್ತೀರಾ?" ಅಂದರು. ಕೆಟ್ಟ ಮನುಷ್ಯರಲ್ಲ. ಬೇರೆ ಸೀಮೆಯವರು. ಮೈದಾನದ ಉಸ್ತುವಾರಿಯವರು ಬಂದರು. ಪ್ರಥಮ ಚಿಕಿತ್ಸೆಯ ಮೇಜಿನಿಂದ ನರ್ಸ್ ಬಂದರು.

ನರ್ಸಿಗೆ ಗೊತ್ತಿತ್ತು. ಅವಳ ಕೈಯನ್ನು ತಿರುಗಿಸಿ ನೋಡಿ, ಬಹಳ ಮೆತ್ತಗೆ ಕೇಳಿದರು: "ಬೆಳಿಗ್ಗೆ ಸೊಪ್ಪು ಕಟ್ಟಿ ಬಂದಿದ್ದೀಯ ಅಲ್ವಾ ಕಂದ? ಹೆದರಬೇಡ, ಹೇಳು. ಮಕ್ಕಳ ಕೈಲಿ ಈ ಕೆಲಸ ಮಾಡಿಸೋ ಹಾಗಿಲ್ಲ. ಯಾರ ಬ್ಯಾರನ್ನು? ಹೇಳಿದ್ರೆ ಸಾರ್ ಮೇಲಕ್ಕೆ ತಿಳಿಸ್ತಾರೆ, ಇನ್ನೊಂದು ಸಲ ನಿನ್ನನ್ನ ಯಾರೂ ಕೂರಿಸಲ್ಲ."

ಇದನ್ನು ಹೇಳುವಾಗ ಆ ತಾಯಿಯ ಕಣ್ಣಲ್ಲಿ ನೀರಿತ್ತು. ಅದನ್ನೂ ಬರೆಯಬೇಕು.

ಹುಡುಗಿ ತಲೆಯೆತ್ತಿದಳು. "ಇಲ್ಲ" ಅಂದಳು.

"ಮತ್ತೆ ಈ ವಾಸನೆ?" ಅಂದರು ಉಸ್ತುವಾರಿಯವರು.

ನಾನು ಬಾಯಿ ತೆರೆದೆ. ಅವಳ ಕೈ ನನ್ನ ಕೈಯೊಳಗಿತ್ತು. ಅದನ್ನು ಎಷ್ಟು ಬಲವಾಗಿ ಅಮುಕಿದಳೆಂದರೆ ನನ್ನ ಬಳೆಯೊಂದು ಒಡೆಯಿತು. ಅಷ್ಟರಲ್ಲಿ ಅವಳೇ ಹೇಳಿದಳು.

"ಜಗುದ್ನಿ ಸಾ. ನಮ್ಮಜ್ಜಿ ಚೀಲದ್ದು."

ನಮ್ಮ ತಂಡದ ಹುಡುಗಿಯರು ಸುತ್ತ ನಿಂತಿದ್ದರು. ಒಬ್ಬಳೂ ಉಸಿರೆತ್ತಲಿಲ್ಲ. ಅವರೆಲ್ಲರ ಮನೆಯೂ ಬ್ಯಾರನ್ ಮನೆಯೇ.

"ಸುಳ್ಳು. ಎಲ್ಲಿ, ಬಾಯಿ ತೋರಿಸು" ಅಂದರು ನರ್ಸ್.

ಅವಳು ತುಟಿ ಬಿಗಿದುಕೊಂಡು ತಲೆಯಾಡಿಸಿದಳು. ಅವಳ ಹಲ್ಲು ಅಕ್ಕಿಯ ಹಾಗೆ ಬೆಳ್ಳಗಿದ್ದವು. ಬಾಯಿ ತೆರೆದಿದ್ದರೆ ಆ ಸುಳ್ಳು ಅಲ್ಲಿಗೆ ಮುಗಿಯುತ್ತಿತ್ತು. ನರ್ಸ್ ಗಲ್ಲ ಹಿಡಿದರೂ ತೆರೆಯಲಿಲ್ಲ. ತುಟಿ ಬಿಗಿದೇ ನಮ್ಮ ಪಿ.ಟಿ. ಮೇಷ್ಟ್ರ ಕಡೆ ನೋಡಿದಳು.

ಮೇಷ್ಟ್ರು ಮೈದಾನದ ಆಚೆಯಿಂದ ಬಂದು ನಿಂತಿದ್ದರು. ಅವರು ಅವಳ ಕೈ ನೋಡಿದರು, ಮುಖ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ. ನಿಜ ಹೇಳಿದರೆ ಅವಳ ಅಪ್ಪನ ಬ್ಯಾರನ್ನಿನ ಮಾತು ಉಸ್ತುವಾರಿಯವರ ಕಡತಕ್ಕೆ ಹೋಗುತ್ತದೆ. ಹೇಳದಿದ್ದರೆ ಅವಳು ಆಟದಿಂದಲೇ ಹೋಗುತ್ತಾಳೆ. ಅವರು ಅವಳ ಎದುರಿಗೆ ಬಗ್ಗಿದರು.

"ಯೋಳವ್ವ, ಇನ್ನೊಂದ್ ಸತಿ ಕೇಳ್ತೀನಿ. ಜಗುದ್ಯಾ?"

"ಊಂ ಸಾ."

"ನನ್ ಕೈ ಮ್ಯಾಲೆ ಕೈ ಮಡ್ಗಿದ್ದೆ."

"ಊಂ ಸಾ. ತಪ್ಪಾಯ್ತು."

ಮೇಷ್ಟ್ರು ಉಸ್ತುವಾರಿಯವರ ಕಡೆ ತಿರುಗಿ, "ನಮ್ ಶಾಲೇಲೂ ಇದೇ ನಿಯಮ ಐತೆ ಸಾರ್. ಅವ್ಳನ್ನ ಕೂರಿಸ್ತೀನಿ. ತಂಡ ಆಡ್ಲಿ" ಅಂದರು. ಧ್ವನಿ ಮಾಮೂಲಾಗಿಯೇ ಇತ್ತು. ಸೀಟಿ ಮಾತ್ರ ಅವರ ಕೈಯಿಂದ ಕೆಳಗೆ ಬಿದ್ದಿತ್ತು. ಒಬ್ಬ ಹುಡುಗಿ ಎತ್ತಿಕೊಟ್ಟಳು.

ಒಂಬತ್ತನೇ ತರಗತಿಯವಳೊಬ್ಬಳು ಅವಳ ಬದಲು ಇಳಿದಳು. ಸೋತೆವು. ಆಟ ನಡೆಯುವಷ್ಟು ಹೊತ್ತೂ ಅವಳು ತಂಡದವರು ಬಿಟ್ಟುಹೋಗಿದ್ದ ಚಪ್ಪಲಿಗಳನ್ನು ಜೋಡಿ ಜೋಡಿ ಮಾಡಿ ಇಡುತ್ತ ಕೂತಿದ್ದಳು. ಒಮ್ಮೆ ಇಟ್ಟದ್ದನ್ನು ಮತ್ತೆ ತೆಗೆದು ಇಡುತ್ತಿದ್ದಳು.

ಕೋಚ್ ಹೋಗುವ ಮುಂಚೆ ನಮ್ಮ ಬಳಿ ಬಂದರು. "ಆಟ ಇದೆ ಸಾರ್ ಅವಳಲ್ಲಿ. ಆದ್ರೆ ಹಾಸ್ಟೆಲಲ್ಲಿ ಬೇರೆ ಮಕ್ಕಳ ಜೊತೆ ಇರಬೇಕಾದವಳು. ನಡತೆ ನೋಡದೆ ಹೇಗೆ ತಗೊಳ್ಳಲಿ, ನೀವೇ ಹೇಳಿ" ಅಂದರು. ಮೇಷ್ಟ್ರು "ಸರಿ ಮೇಡಮ್" ಅಂದರು. ಅದು ಸರಿಯಾದ ಮಾತೇ ಆಗಿತ್ತು. ಆ ಬೆಳಿಗ್ಗೆ ಅಲ್ಲಿ ಮಾತಾಡಿದವರೆಲ್ಲರೂ ಸರಿಯಾದ ಮಾತನ್ನೇ ಆಡಿದರು. ಸುಳ್ಳು ಹೇಳಿದವಳು ಅವಳೊಬ್ಬಳೇ.

ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ತಲೆಸುತ್ತು ಇಳಿದಿತ್ತು. ಹಸಿವಾಗುತ್ತದೆ ಅಂದಳು. ನನ್ನ ಚಿತ್ರಾನ್ನದ ಡಬ್ಬಿ ಕೊಟ್ಟೆ. ಖಾಲಿ ಮಾಡಿ, ಡಬ್ಬಿಯ ಮುಚ್ಚಳ ಹಾಕುತ್ತ, "ನಿಮ್ ಬಳೆ ಒಡುದ್ಬುಟ್ಟೆ ಮಿಸ್" ಅಂದಳು. ಅಷ್ಟೇ ಅವಳು ಆ ದಿನದ ಬಗ್ಗೆ ಆಡಿದ ಮಾತು. ಅಳಲಿಲ್ಲ. ಮುಂದಿನ ಸೀಟಿನಲ್ಲಿದ್ದ ಪಿ.ಟಿ. ಮೇಷ್ಟ್ರು ಊರು ಬರುವವರೆಗೂ ಹಿಂದೆ ತಿರುಗಲಿಲ್ಲ.

ನಿಯಮದಂತೆ ಮನೆಯವರು ಬರಬೇಕಾಯಿತು. ಆಗಿನ ಹೆಡ್‌ಮಾಸ್ತರು ಹೊಸಬರು, ದೂರದ ಊರಿನಿಂದ ವರ್ಗವಾಗಿ ಬಂದವರು. ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಮುಂದೆ ನಿಲ್ಲಿಸಿದರು. ಅಪ್ಪ, ಅಜ್ಜಿ ಪಕ್ಕದಲ್ಲಿ ನಿಂತರು. ಹೊಗೆಸೊಪ್ಪಿನಿಂದ ಬಾಯಿಗೆ, ಶ್ವಾಸಕೋಶಕ್ಕೆ ಏನೇನಾಗುತ್ತದೆ ಎಂದು ಹೆಡ್‌ಮಾಸ್ತರು ವಿವರವಾಗಿ ಹೇಳಿದರು. ಅವರ ಬೆನ್ನ ಹಿಂದೆ, ಕಾಂಪೌಂಡಿನ ಆಚೆ, ಬ್ಯಾರನ್ನುಗಳಿಂದ ಹೊಗೆ ಏಳುತ್ತಿತ್ತು.

"ಮನೆಯಲ್ಲಿ ಇಂಥ ಪದಾರ್ಥ ಮಕ್ಕಳ ಕೈಗೆ ಸಿಗೋ ಹಾಗೆ ಇಡ್ತಾರೇನ್ರೀ?" ಅಂದರು.

"ನಂದೇ ತಪ್ಪು ಕಣಪ್ಪ" ಅಂದಳು ಅಜ್ಜಿ ಮುಂದೆ ಬಂದು. "ಚೀಲದ್ ಬಾಯಿ ಕಟ್ಟಿರ್ನಿಲ್ಲ. ಮಗ ಏನ್ ಮಾಡಾತು, ಎಳೇದು. ಬೈಯಂಗಿದ್ರೆ ನನ್ನ ಬಯ್ಯಿ." ಎಂದೂ ಯಾರಿಗೂ ಬಗ್ಗಿ ಮಾತಾಡಿದವಳಲ್ಲ. ಅಂದು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನೀವು ಮಗಳಿಗೆ ಬುದ್ಧಿ ಹೇಳಿ" ಎಂದರು ಹೆಡ್‌ಮಾಸ್ತರು ಅಪ್ಪನಿಗೆ.

ಅವನು ಮಗಳ ಎದುರು ನಿಂತ. ಅವನ ಕೈ ಮೊಣಕೈವರೆಗೂ ಕಪ್ಪಗಿತ್ತು. ಅದನ್ನು ಹಿಂದಕ್ಕೆ ಕಟ್ಟಿಕೊಂಡಿದ್ದ.

"ಇನ್ಮೇಕೆ... ಇನ್ಮೇಕೆ ಅಂಗೆ ಮಾಡ್ಬ್ಯಾಡ ಮಗ" ಅಂದ.

"ಊಂ ಅಪ್ಪಯ್ಯ" ಅಂದಳು ಅವಳು.

ಸಾಲಿನಲ್ಲಿದ್ದ ಮಕ್ಕಳೆಲ್ಲರಿಗೂ ನಿಜ ಗೊತ್ತಿತ್ತು. ಒಂದು ಇಡೀ ಶಾಲೆಗೆ ಗೊತ್ತಿತ್ತು. ಎಂಟನೇ ತರಗತಿಯ ತುಂಟರು, ಯಾರು ಜಾರಿ ಬಿದ್ದರೂ ಕೇಕೆ ಹಾಕುವವರು, ನೆಲ ನೋಡುತ್ತ ನಿಂತಿದ್ದರು. ಒಬ್ಬರೂ ನಗಲಿಲ್ಲ. ಪಿ.ಟಿ. ಮೇಷ್ಟ್ರು ಧ್ವಜಕಂಬದ ಹತ್ತಿರ ನಿಂತಿದ್ದರು. ಸಾಲು ಬಿಡಿಸುವ ಸೀಟಿ ಊದಲು ಅವರಿಗೆ ತಡವಾಯಿತು. ಹೆಡ್‌ಮಾಸ್ತರು ಎರಡು ಸಲ ಅವರ ಕಡೆ ನೋಡಬೇಕಾಯಿತು.

ಆಮೇಲಿನದನ್ನು ಬೇಗ ಹೇಳುತ್ತೇನೆ. ಅವಳು ಹತ್ತನೇ ತರಗತಿ ಪಾಸಾದಳು, ಗಣಿತವೂ ಸೇರಿ. ಅರಕಲಗೂಡಿನಲ್ಲಿ ಕಾಲೇಜಿದೆ, ಬಸ್ಸಿದೆ. ಆದರೆ ಅಪ್ಪ ಆ ಸಂಜೆ ಮೈದಾನದಲ್ಲಿ ಲೆಕ್ಕ ಹಾಕಿ ಹೇಳಿದ್ದ ಮಾತು ಲೆಕ್ಕದಂತೆಯೇ ನಡೆಯಿತು. ಮುಂದಿನ ವರ್ಷ ಭಾಷೆ ಕೊಡುವ ಸಂಜೆ ಪಿ.ಟಿ. ಮೇಷ್ಟ್ರು ಮೂರು ನಿಯಮ ಹೇಳಿ, ನಾಲ್ಕನೆಯದೊಂದನ್ನು ಸೇರಿಸಿದರು. ಇದು ಮಕ್ಕಳಿಗಲ್ಲ, ಮನೆಯವರಿಗೆ: ಪಂದ್ಯದ ಬೆಳಿಗ್ಗೆ ಮಗುವನ್ನು ಸೊಪ್ಪಿನ ಹತ್ತಿರ ಬಿಡಬಾರದು. ಮನೆಯವರಲ್ಲೊಬ್ಬ, "ನಾವ್ ಬುಡಕಿಲ್ಲ ಸಾ. ಸೊಪ್ಪು ಕೇಳ್ಬೇಕಲ್ಲ" ಅಂದ. ತಮಾಷೆಗೆ ಹೇಳಿದ್ದಲ್ಲ. ಮೇಷ್ಟ್ರು ಕೈ ಚಾಚಿಕೊಂಡೇ ನಿಂತಿದ್ದರು. ಅವನು ಬಂದು ಕೈಯಿಟ್ಟ.

ಆ ಮಳೆಗಾಲದಲ್ಲಿ ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಮುಂದಿನ ವರ್ಷವಾದರೂ ಕಾಲೇಜಿಗೆ ಕಳಿಸಿ ಎಂದು ಕೇಳುವುದಕ್ಕೆ. ಬ್ಯಾರನ್ನಿನ ಮುಂದಿನ ಚಪ್ಪರದಡಿ ಅವಳು, ಅವ್ವ, ಅಜ್ಜಿ ಕಡ್ಡಿ ಕಟ್ಟುತ್ತಿದ್ದರು. ಅಜ್ಜಿಯ ದವಡೆ ಬರಿದಾಗಿತ್ತು.

"ಎಲೆಅಡಿಕೆ ಬಿಟ್ರಾ ಅಜ್ಜಿ?" ಅಂದೆ.

"ಎಲಡ್ಕೆ ಬುಟ್ಟಿಲ್ಲ ಕಣವ್ವ, ಒಗೆಸೊಪ್ಪು ಬುಟ್ಟೆ. ಬಾಯ್ಗಾಕ್ಕಂಡ್ರೆ ಅವತ್ತಿಂದು ಗ್ಯಾಪ್ನ ಬತ್ತದೆ. ಗಂಟ್ಲಲ್ಲಿಳಿಯಕಿಲ್ಲ."

"ಟೀಮಿಗೆ ಸೇರುಸ್ಕಂಡ್ರೆ ಬುಡ್ತೀನಿ ಅಂದಿದ್ಯಲ್ಲ, ಸೇರುಸ್ಕಂಡ್ರಾ?" ಅಂದಳು ಹುಡುಗಿ.

"ಊಂ, ನಿನ್ ಜಾಗ ಖಾಲಿ ಐತಲ್ಲ" ಅಂದಳು ಅಜ್ಜಿ. ಅಂದದ್ದೇ ಬಾಯಿಗೆ ಸೆರಗು ಹಿಡಿದಳು. ಅವ್ವ ತಲೆ ತಗ್ಗಿಸಿದಳು. ಹುಡುಗಿ ಮಾತ್ರ ನಕ್ಕಳು, ಒಂದು ಕ್ಷಣ ತಡವಾಗಿ.

ಕಾಲೇಜಿನ ಮಾತೆತ್ತಿದೆ. "ಮುಂದಿನ್ ವರ್ಸ ನೋಡನ ಮಿಸ್" ಅಂದಳು. ಕಡ್ಡಿಯ ಆಚೆಗೊಂದು ಈಚೆಗೊಂದು ಎಲೆ ಬೀಳುತ್ತಿತ್ತು, ದಾರ ಸುತ್ತಿಕೊಳ್ಳುತ್ತಿತ್ತು. ಕಂಬದ ಬಳಿ ನೋಡಿದ್ದ ಅದೇ ಕೈಚಳಕ. ಸುಮ್ಮನೆ ನೋಡುತ್ತ ಕೂರುವುದು ಕಷ್ಟವಾಗಿ, ನನಗೂ ಒಂದು ಕಡ್ಡಿ ಕೊಡಿ ಅಂದೆ. ಅವಳು ತೋರಿಸಿಕೊಟ್ಟಳು. ಅವಳು ನಾಲ್ಕು ಕಡ್ಡಿ ಮುಗಿಸುವಷ್ಟರಲ್ಲಿ ನಾನು ಒಂದು ಕಟ್ಟಿದೆ, ಅದೂ ಸಡಿಲ. ಬಿಚ್ಚಿ ಮತ್ತೆ ಕಟ್ಟಿದಳು, ನನಗೆ ಕಾಣಬಾರದೆಂದು ಸ್ವಲ್ಪ ತಿರುಗಿ ಕೂತು. ಹೊರಡುವಾಗ ನಿಂಬೆಹಣ್ಣು ಕೊಟ್ಟರು. ತಿಕ್ಕಿದೆ. ಹೋಗಲಿಲ್ಲ.

ಹೊಳೆನರಸೀಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ಮೂಗು ಆಡಿಸಿ, ನನ್ನ ಕಡೆ ನೋಡಿ, ಕೀಟಲೆಯಿಂದ ಕೇಳಿದಳು. "ಏನ್ ಮೇಡಮ್ನೋರೆ, ನೀವೂ ಒಗೆಸೊಪ್ಪು ಆಕ್ತೀರಾ?"

"ಇಲ್ಲಮ್ಮ, ಬ್ಯಾರನ್ ಹತ್ರ ಕಡ್ಡಿ ಕಟ್ಟಿ ಬಂದೆ" ಅಂದೆ.

"ಅಂಗನ್ನಿ" ಎಂದು ಅವಳು ಬೇರೆ ಮಾತಿಗೆ ಹೋದಳು. ಅಷ್ಟರಲ್ಲೇ ಮುಗಿಯಿತು. ನಿಜ ಹೇಳಿದ್ದಕ್ಕೆ ನಾನು ಏನೂ ತೆರಬೇಕಾಗಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅಂಟು ಒಣಗುತ್ತ ಬೆರಳುಗಳ ಸಂದಿಯನ್ನು ಬಿಗಿಯುತ್ತಿತ್ತು. ಊರು ತಲುಪುವವರೆಗೂ ಬೇರೇನೂ ಯೋಚಿಸಲಾಗಲಿಲ್ಲ.